ಮದರಾಸಿನ ಚೌಕಡಿ, ಕಲಬಾರಿಯ ಬ್ಲೇಡು

ಎರಡು ವರ್ಷದ ಹಿಂದಿನ ಮಾತು. ನವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಅರಿಶಿನ ಕುಂಕುಮಕ್ಕೆ ಬರುವವರಿಗೆ ಕೊಡಲು ಕುಬಸದ ಖಣ ಒಟ್ಟಿಗೆ ಕೊಂಡರೆ ಅಗ್ಗ ಎಂದು ಚೆನ್ನೈನ ಜಾರ್ಜ್‌ಟೌನಿನ ಗೋಡೌನ್ ಸ್ಟ್ರೀಟಿಗೆ ಹೋಗಿದ್ದೆ. ಆ ಬೀದಿ ಗೊತ್ತಿದ್ದವರಿಗೆ ಗೊತ್ತು, ಅಲ್ಲಿ ನಡೆಯುವುದೆಂದರೆ ತಳ್ಳುಗಾಡಿ, ಬಟ್ಟೆಯ ಬೇಲು ಮತ್ತು ಬೇಲು ಹೊತ್ತವರ ಬೈಗುಳ ಈ ಮೂರರ ನಡುವೆ ದಾರಿ ಮಾಡಿಕೊಳ್ಳುವುದು. ನಾನು ಹೊಕ್ಕ ಅಂಗಡಿಯಲ್ಲಿ ನನಗಿಂತ ಮೊದಲೇ ಒಬ್ಬ ಆಫ್ರಿಕನ್ ಹೆಂಗಸು ಕೂತಿದ್ದರು. ತಲೆಗೆ ಎತ್ತರದ ಬಟ್ಟೆ ಕಟ್ಟು, ಕೊರಳಲ್ಲಿ ಕೆಂಪು ಹವಳ. ಅಂಗಡಿಯವನು ಒಂದಾದ ಮೇಲೊಂದು ತಾನು ಬಿಚ್ಚುತ್ತಿದ್ದ. ಆಕೆ ಮುಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ನಡುನಡುವೆ ಇಬ್ಬರ ಬಾಯಲ್ಲೂ ಒಂದೇ ಮಾತು, “ಜಾರ್ಜ್, ಜಾರ್ಜ್.”

ಆಕೆ ಹೋದ ಮೇಲೆ ಕೇಳಿದೆ, “ಜಾರ್ಜ್ ಅಂದರೆ ಯಾರಪ್ಪಾ?”

“ಯಾರೂ ಅಲ್ಲ ಅಮ್ಮಾ, ಸರಕು. ನೈಜೀರಿಯಾದವರು ನಮ್ಮ ಬಟ್ಟೆಗೆ ಹಾಗೇ ಹೇಳೋದು. ನಮ್ಮ ಅಪ್ಪನ ಕಾಲದಿಂದಲೂ ಹಾಗೇ.”

ಅಲ್ಲಿಂದ ಒಂದು ಮೈಲಿಯೊಳಗೇ ಸೇಂಟ್ ಜಾರ್ಜ್ ಕೋಟೆ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ 1639-40ರ ಹೊತ್ತಿಗೆ ಕಟ್ಟಲು ಶುರುಮಾಡಿದ ಕೋಟೆ. ಅಲ್ಲಿಂದ ಹಡಗು ಹತ್ತಿದ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಆ ಕೋಟೆಯ ಹೆಸರೇ ಅಂಟಿಕೊಂಡಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಲವತ್ತು ವರ್ಷ ಈ ಊರಲ್ಲಿದ್ದು, ಜವಳಿಯನ್ನೇ ವಿಷಯವಾಗಿ ಓದಿದ ನನಗೆ ಇದು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮನೆಗೆ ಬಂದು ಹುಡುಕತೊಡಗಿದೆ. ಹುಡುಕುತ್ತಾ ಹೋದಂತೆ ಎಲ್ಲ ದಾರಿಯೂ ಒಬ್ಬ ಹೆಂಗಸಿನ ಹೆಸರಿಗೇ ಬಂದು ಮುಟ್ಟುತ್ತಿತ್ತು. ಜೊಆನ್ ಬುಬೊಲ್ಜ್ ಐಕರ್, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಹೇಳಿ ಹಳೆಯ ಪುಸ್ತಕದಂಗಡಿಗಳಿಂದ ಅವರ ಕೆಲವು ಪುಸ್ತಕ ತರಿಸಿಕೊಂಡೆ. ಈ ಲೇಖನ ಅವರ ಬಗ್ಗೆ. ನಡುವೆ ನನ್ನ ಕಥೆಯೂ ಸ್ವಲ್ಪ ಬರುತ್ತದೆ, ಓದುಗ ಗೆಳತಿಯರು ಸಹಿಸಿಕೊಳ್ಳಬೇಕು.

ನಾನು ಧಾರವಾಡದವಳು. ಪದವಿಯಲ್ಲಿ ಓದಿದ್ದು ಗೃಹವಿಜ್ಞಾನ. ಅದರಲ್ಲೂ ಜವಳಿ ಮತ್ತು ಉಡುಪು. “ಮನ್ಯಾಗ ಕಲಿಯೂದನ್ನ ಕಾಲೇಜಿನ್ಯಾಗ ರೊಕ್ಕಾ ಕೊಟ್ಟು ಕಲೀತಾಳ ನೋಡ್ರಿ” ಎಂದು ನಮ್ಮ ಕಾಕಾ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅವರದು ತಮಾಷೆ. ಆದರೆ ಆ ತಮಾಷೆಯೇ ಲೋಕಾಭಿಪ್ರಾಯವೂ ಆಗಿತ್ತು. ಗಂಡಸು ಓದಿದರೆ ಅದು ಟೆಕ್ಸ್‌ಟೈಲ್ ಎಂಜಿನಿಯರಿಂಗ್, ಹೆಂಗಸು ಓದಿದರೆ ಹೊಲಿಗೆ ಕ್ಲಾಸು.

ಐಕರ್ ಅವರದೂ ಇದೇ ಮನೆತನದ ಓದು ಎನ್ನಬಹುದು. ಅವರು ಹುಟ್ಟಿದ್ದು 1930ರಲ್ಲಿ, ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಲ್ಲಿ. ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಓದಿದ್ದು ಅಲ್ಲಿಯ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ. ಓದಿದ್ದು ಸಮಾಜಶಾಸ್ತ್ರ, ಮಾನವಶಾಸ್ತ್ರ, ಆದರೆ ಕೆಲಸಕ್ಕೆ ಸೇರಿದ್ದು ಗೃಹವಿಜ್ಞಾನದ ಉಡುಪು ವಿಭಾಗಕ್ಕೆ. ಆ ಕಾಲದ ಅಮೆರಿಕದಲ್ಲಿ ಓದಿದ ಹೆಂಗಸರಿಗೆ ವಿಶ್ವವಿದ್ಯಾಲಯದಲ್ಲಿ ಸಲೀಸಾಗಿ ತೆರೆಯುತ್ತಿದ್ದ ಕೆಲವೇ ಬಾಗಿಲುಗಳಲ್ಲಿ ಅದೂ ಒಂದು. ಮೊದಮೊದಲ ಸಂಶೋಧನೆ ಹೈಸ್ಕೂಲು ಹುಡುಗಿಯರ ಉಡುಪು ಮತ್ತು ಸ್ನೇಹದ ಬಗ್ಗೆ. ಯಾರು ಯಾರ ಹಾಗೆ ಉಡುತ್ತಾರೆ, ಯಾರನ್ನು ಗುಂಪಿಗೆ ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದು. ಕೇಳಿದರೆ ಹಗುರವೆನಿಸುತ್ತದೆ. ಶಾಲೆಯಲ್ಲಿ ಬಣ್ಣ ಮಾಸಿದ ಲಂಗ ಉಟ್ಟು ಒಬ್ಬಳೇ ಕೂತ ಹುಡುಗಿಗೆ ಅದು ಹಗುರವಲ್ಲ.

1965ರಲ್ಲಿ ಮೇರಿ ಎಲೆನ್ ರೋಚ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಒಂದು ಪುಸ್ತಕ ಹೊರತಂದರು. ಉಡುಪು, ಅಲಂಕಾರ ಮತ್ತು ಸಮಾಜದ ಕಟ್ಟಳೆಯ ನಡುವಿನ ಸಂಬಂಧದ ಬಗ್ಗೆ ಬೇರೆಬೇರೆ ಶಾಸ್ತ್ರದವರು ಬರೆದಿದ್ದನ್ನೆಲ್ಲ ಒಂದೆಡೆ ಕೂಡಿಸಿದ ಸಂಕಲನ ಅದು. ಬಟ್ಟೆಯೂ ಶಾಸ್ತ್ರಕ್ಕೆ ತಕ್ಕ ವಿಷಯ ಎಂದು ವಿದ್ಯಾರ್ಥಿನಿಯರ ಕೈಗೆ ಸಾಕ್ಷಿ ಕೊಟ್ಟ ಹಾಗಾಯಿತು. ಇವರಿಬ್ಬರ ಜೋಡಿ ಕಡೆತನಕ ಮುಂದುವರಿಯಿತು. 1992ರಲ್ಲಿ ಇಬ್ಬರೂ ಸೇರಿ ಉಡುಪು ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯನ್ನು ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಪಾಠ ಹೇಳುತ್ತಾರೆ. ಅದರ ಪ್ರಕಾರ ಉಡುಪು ಎಂದರೆ ಬರೀ ಬಟ್ಟೆಯಲ್ಲ. ಮೈಯಲ್ಲಿ ಮಾಡಿಕೊಂಡ ಮಾರ್ಪಾಡು, ಮೈಮೇಲೆ ಸೇರಿಸಿಕೊಂಡ ವಸ್ತು, ಎರಡೂ ಸೇರಿದ್ದು ಉಡುಪು. ಕಣ್ಣಿಗೆ ಕಾಣುವುದಷ್ಟೇ ಅಲ್ಲ, ಮೂಗಿಗೆ ಬರುವುದು, ಕಿವಿಗೆ ಕೇಳುವುದು ಕೂಡ. ನಮ್ಮ ಲೆಕ್ಕದಲ್ಲಿ ಹೇಳಿದರೆ ಅಜ್ಜಿಯ ಕೈಮೇಲಿನ ಹಚ್ಚೆ, ಹಣೆಯ ಕುಂಕುಮ, ಕೆನ್ನೆಯ ಅರಿಶಿನ, ಮುಡಿದ ಮಲ್ಲಿಗೆಯ ವಾಸನೆ, ನಡೆದಾಗ ನೆಲಕ್ಕೆ ಟಿಕ್ಕೆನ್ನುವ ಕಾಲುಂಗುರ ಎಲ್ಲವೂ ಉಡುಪೇ. ಇದನ್ನು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಂಡ ತೀರಿದ ಮೇಲೆ ನಮ್ಮ ಅಜ್ಜಿಯಿಂದ ಏನೇನು ತೆಗೆಸಿದರು ಎಂದು ನೆನಪಾಯಿತು. ಬಟ್ಟೆಯ ಬಣ್ಣ ಬದಲಾಗಿದ್ದು ಆಮೇಲೆ. ಮೊದಲು ಹೋಗಿದ್ದು ಬಳೆಯ ಸದ್ದು.

ಆಫ್ರಿಕಾ ಅವರ ಬದುಕಿಗೆ ಬಂದದ್ದು ಗಂಡನ ನೌಕರಿಯ ಹಿಂದೆ. ಪತಿ ಕಾರ್ಲ್ ಐಕರ್ ಕೃಷಿ ಅರ್ಥಶಾಸ್ತ್ರಜ್ಞ. ನೈಜೀರಿಯ ಸ್ವತಂತ್ರವಾದದ್ದು 1960ರಲ್ಲಿ. ಅಲ್ಲಿಯ ಹೊಸ ವಿಶ್ವವಿದ್ಯಾಲಯದ ಆರ್ಥಿಕಾಭಿವೃದ್ಧಿ ಸಂಸ್ಥೆಯ ಕೆಲಸಕ್ಕೆಂದು ಅವರು ಹೋದಾಗ ಇವರೂ ಸಂಸಾರ ಸಮೇತ ಹೋದರು. 1963ರಿಂದ 1966ರವರೆಗೆ ಎನುಗು ಎಂಬ ಊರಿನಲ್ಲಿ ವಾಸ. ಗಂಡನ ವರ್ಗಾವಣೆಯ ಹಿಂದೆ ಗಂಟುಮೂಟೆ ಕಟ್ಟಿ ಮುಂಬಯಿಗೋ ದಿಲ್ಲಿಗೋ ಹೈದರಾಬಾದಿಗೋ ಬಂದಿಳಿದ ನಮ್ಮ ಎಷ್ಟು ಸದಸ್ಯೆಯರಿಗೆ ಈ ಮಾತು ಹೊಸದಾಗಿ ಕೇಳುತ್ತದೆ? ಭಾಷೆ ಬಾರದ ಊರಲ್ಲಿ ಹೆಂಗಸು ಮೊದಲು ಕಲಿಯುವ ದಾರಿ ಸಂತೆಯ ದಾರಿ. ಐಕರ್ ಸಂತೆಗೆ ಹೋದವರು ಬಟ್ಟೆ ನೋಡತೊಡಗಿದರು.

ನೋಡಲು ಎಷ್ಟಿತ್ತು! ಯೊರುಬಾ ಗಂಡಸರು ಸಣ್ಣ ಮಗ್ಗದಲ್ಲಿ ಅಂಗೈಯಗಲದ ಉದ್ದನೆಯ ಪಟ್ಟಿ ನೇಯ್ದು, ಪಟ್ಟಿಗೆ ಪಟ್ಟಿ ಕೂಡಿಸಿ ಹೊಲಿದು ಮಾಡುವ ಅಸೊ ಒಕೆ. ಇಗ್ಬೊ ನಾಡಿನ ಅಕ್ವೆಟೆ ಊರಿನ ಹೆಂಗಸರು ನಿಲುಮಗ್ಗದಲ್ಲಿ ನೇಯುವ ಅಗಲವಾದ ಬಟ್ಟೆ. ಯೊರುಬಾ ಹೆಂಗಸರು ಗಂಜಿಯಲ್ಲಿ ಚಿತ್ತಾರ ಬರೆದೋ, ದಾರ ಬಿಗಿದು ಕಟ್ಟಿಯೋ ನೀಲಿಯಲ್ಲಿ ಅದ್ದುವ ಅದಿರೆ. ಆ ಕಾಲದಲ್ಲಿ ಆಫ್ರಿಕಾದ ಕಲೆ ಎಂದರೆ ವಿದ್ವಾಂಸರಿಗೆ ಮುಖವಾಡ ಮತ್ತು ಮರದ ಮೂರ್ತಿ. ಬಟ್ಟೆಯ ಕಡೆ ತಿರುಗಿ ನೋಡಿದವರು ಕಡಿಮೆ. ರಾಯ್ ಸೀಬರ್ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಆಫ್ರಿಕಾದ ಜವಳಿಯ ದೊಡ್ಡ ಪ್ರದರ್ಶನ ಮಾಡಿದ್ದೇ 1972ರಲ್ಲಿ. ಐಕರ್ ಅದಕ್ಕಿಂತ ಮೊದಲೇ, ಊರಿಗೆ ಮರಳಿದ ಕೂಡಲೇ, ಒಂದು ಒಣ ಕೆಲಸಕ್ಕೆ ಕೈಹಾಕಿದ್ದರು. ಸಹಾರಾದ ದಕ್ಷಿಣದ ದೇಶಗಳ ಉಡುಪಿನ ಬಗ್ಗೆ ಯಾರು ಎಲ್ಲಿ ಏನು ಬರೆದಿದ್ದಾರೆ ಎಂಬ ಟಿಪ್ಪಣಿ ಸಹಿತ ಪಟ್ಟಿ. ಪಾದ್ರಿಗಳ ದಿನಚರಿ, ಪ್ರವಾಸಿಗಳ ಪುಸ್ತಕ, ಸರ್ಕಾರಿ ವರದಿ, ಎಲ್ಲೆಲ್ಲೋ ಒಂದೊಂದು ಸಾಲು. ಇಂಥ ಪಟ್ಟಿ ಮಾಡಿದವರಿಗೆ ಯಾರೂ ಹಾರ ಹಾಕುವುದಿಲ್ಲ. ಆದರೆ ಮುಂದೆ ಬಂದವರೆಲ್ಲ ಅದರ ಮೇಲೆ ಕಾಲಿಟ್ಟೇ ನಡೆದರು. 1985ರಲ್ಲಿ ಜೊತೆಗಾರರನ್ನು ಸೇರಿಸಿಕೊಂಡು ಅದರ ಎರಡನೆಯ ಭಾಗವನ್ನೂ ತಂದರು. ನೈಜೀರಿಯದ ಕೈಜವಳಿಯ ಬಗೆಗಿನ ಅವರ ಪುಸ್ತಕ 1976ರಲ್ಲಿ ಅಚ್ಚಾದದ್ದು ಅಮೆರಿಕದಲ್ಲಲ್ಲ, ನೈಜೀರಿಯದ ಇಫೆ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ. ಆ ಬಟ್ಟೆ ನೇಯ್ದವರ ನಾಡಿನಲ್ಲೇ ಅದು ಸಿಗಲಿ ಎಂದಿರಬೇಕು. ನನಗಂತೂ ಅದು ಇಷ್ಟವಾಯಿತು.

1977ರಲ್ಲಿ ಮಿನೆಸೋಟಕ್ಕೆ ಬಂದರು, ಜವಳಿ ಉಡುಪು ವಿಭಾಗದ ಮುಖ್ಯಸ್ಥೆಯಾಗಿ. ಇನ್ನು ಹೇಳಬೇಕಾದದ್ದು ಕಲಬಾರಿಗಳ ವಿಷಯ. ನಮ್ಮ ಮದರಾಸು ಬರುವುದೂ ಇಲ್ಲೇ.

ಕಲಬಾರಿಗಳು ನೈಜರ್ ನದಿಯ ಮುಖಜ ಪ್ರದೇಶದ ಜನ. ಪೋರ್ಟ್ ಹಾರ್ಕೋರ್ಟ್ ಪಟ್ಟಣದ ಆಚೆ, ಉಪ್ಪುನೀರಿನ ಕಾಂಡ್ಲಾ ಕಾಡಿನ ನಡುವಿನ ದ್ವೀಪಗಳಲ್ಲಿ ಇವರ ಊರುಗಳು. ಬುಗುಮಾ ಅವುಗಳಲ್ಲಿ ದೊಡ್ಡದು. ಮೀನು ಹಿಡಿಯುವುದು, ವ್ಯಾಪಾರ ಮಾಡುವುದು ಕಸುಬು. ಹತ್ತಿ ಬೆಳೆಯುವುದಿಲ್ಲ, ಬಟ್ಟೆ ನೇಯುವುದಿಲ್ಲ. ಆದರೂ ಅವರಷ್ಟು ಬಟ್ಟೆಯ ಹುಚ್ಚಿನವರು, ಬಟ್ಟೆಯ ಜಾಣರು ಅಪರೂಪ. ಟೋನ್ಯೆ ಎರೆಕೊಸಿಮಾ ಎಂಬ ಕಲಬಾರಿ ವಿದ್ವಾಂಸರು ಐಕರ್ ಅವರಿಗೆ ಜೊತೆಯಾದರು. 1980ರಿಂದ ಇಬ್ಬರೂ ಸೇರಿ ಅಲ್ಲಿಯ ಉಡುಪನ್ನು ಅಭ್ಯಾಸ ಮಾಡಿದರು. ಇಬ್ಬರ ಹೆಸರಲ್ಲೂ ಬರೆದರು. ಹೊರಗಿನಿಂದ ಬಂದ ವಿದ್ವಾಂಸರು ಊರವರನ್ನು ‘ಮಾಹಿತಿದಾರ’ ಎಂದು ಅಡಿಟಿಪ್ಪಣಿಗೆ ತಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕಲಬಾರಿಗಳು ಅತಿ ಆಪ್ತವೆಂದು ತಿಳಿಯುವ ಬಟ್ಟೆಗೆ ಇಂಜಿರಿ ಎಂದು ಹೆಸರು. ಇಂಜಿರಿ ಎಂದರೆ ಬೇರೇನಲ್ಲ, ನಮ್ಮ ಮದರಾಸಿನ ಚೌಕಡಿ ಬಟ್ಟೆ! ವ್ಯಾಪಾರದ ಹೆಸರು ‘ರಿಯಲ್ ಮದ್ರಾಸ್ ಹ್ಯಾಂಡ್‌ಕರ್ಚೀಫ್’. ಕರವಸ್ತ್ರ ಎಂಬ ಹೆಸರು ಕೇಳಿ ಮೂಗೊರೆಸುವ ತುಂಡು ಎಂದುಕೊಳ್ಳಬೇಡಿ. ಒಂದು ಗಜ ಅಗಲ, ಎಂಟು ಗಜ ಉದ್ದದ ತಾನು. ಚೌಕಾಕಾರದ ತುಂಡುಗಳಾಗಿ ಕತ್ತರಿಸಬಹುದಾದ್ದರಿಂದ ಆ ಹೆಸರು. ಕಡುಗೆಂಪು, ನೀಲಿ, ನಡುವೆ ಬಿಳಿ ಎಳೆ. ಇದನ್ನು ನೇಯುತ್ತಿದ್ದುದು ಆಂಧ್ರದ ಚೀರಾಲದಂಥ ಊರುಗಳ ಕೈಮಗ್ಗಗಳಲ್ಲಿ.  ನೈಜೀರಿಯದವರು ಇದನ್ನು ಕೊಳ್ಳುವಾಗ ಮೂಸಿ ನೋಡುತ್ತಿದ್ದರಂತೆ. ಗಿಡಮೂಲದ ಬಣ್ಣದ ವಾಸನೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ನಮ್ಮಮ್ಮ ಇಳಕಲ್ಲ ಸೀರೆಯನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಕಡೆಗೆ ಅಂಗಡಿಯವನ ಮುಖ ನೋಡುತ್ತಿದ್ದದ್ದು ಹೀಗೇ.

(ಇದೇ ಮದರಾಸು ಚೌಕಡಿ 1958ರ ಸುಮಾರಿಗೆ ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಅಂಗಡಿಗೆ ಹೋಗಿ, ಒಗೆದಾಗ ಬಣ್ಣ ಬಿಟ್ಟು ರಂಪವಾದ ಕಥೆ ಹೇಳುವುದುಂಟು. ಕಡೆಗೆ ‘ಬಣ್ಣ ಬಿಡುವುದು ಖಾತ್ರಿ’ ಎಂದೇ ಜಾಹೀರಾತು ಮಾಡಿ ಮಾರಿದರಂತೆ. ಬಟ್ಟೆ ಕಳಿಸಿದ ಕ್ಯಾಪ್ಟನ್ ಕೃಷ್ಣನ್ ನಾಯರ್ ಮುಂದೆ ಮುಂಬಯಿಯಲ್ಲಿ ಲೀಲಾ ಹೋಟೆಲು ಕಟ್ಟಿದರು. ನಮ್ಮಲ್ಲಿ ಬಣ್ಣ ಬಿಟ್ಟ ಸೀರೆಗೆ ಅಂಗಡಿಯವನು ಎಂದಾದರೂ ಇಂಥ ಬುದ್ಧಿ ಓಡಿಸಿದ್ದುಂಟೆ?)

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿಗೆ ಬರುತ್ತೇನೆ. ಕಲಬಾರಿಗಳು ಇಂಜಿರಿಯನ್ನು ಕೊಂಡು ಹಾಗೇ ಉಟ್ಟುಬಿಡುವುದಿಲ್ಲ. ಅವರ ಹೆಂಗಸರು ಬ್ಲೇಡು ಹಿಡಿದು ಕೂರುತ್ತಾರೆ. ಚೌಕಡಿಯೊಳಗಿನ ಆಯ್ದ ಎಳೆಗಳನ್ನು, ಹೆಚ್ಚಾಗಿ ಬಿಳಿಯ ಎಳೆಗಳನ್ನು, ಒಂದೊಂದಾಗಿ ಎತ್ತಿ, ಅಲ್ಲಲ್ಲಿ ಕೊಯ್ದು, ಎಳೆದು ತೆಗೆಯುತ್ತಾರೆ. ಬಿಳಿ ಹೋದ ಕಡೆ ಬಟ್ಟೆ ಬಲೆಯಂತೆ ತೆಳುವಾಗುತ್ತದೆ, ಬಣ್ಣ ಕಡುವಾಗುತ್ತದೆ, ಮದರಾಸಿನ ಚೌಕಡಿಯೊಳಗಿನಿಂದ ಬೇರೆಯೇ ಒಂದು ಚಿತ್ತಾರ ಏಳುತ್ತದೆ. ಇದಕ್ಕೆ ಪೆಲೆಟೆ ಬಿಟೆ ಎಂದು ಹೆಸರು. ಬಿಟೆ ಎಂದರೆ ಬಟ್ಟೆ, ಪೆಲೆಟೆ ಎಂದರೆ ಕೊಯ್ದದ್ದು. (ಬಿಟೆ, ಬಟ್ಟೆ! ಸದ್ದಿನ ಹೋಲಿಕೆ ಅಷ್ಟೆ, ಯಾರೂ ಹೊಸ ಸಂಶೋಧನೆಗೆ ಹೊರಡಬೇಡಿ.) ಹೀಗೆ ಮಾಡಿದ ಬಟ್ಟೆಯನ್ನು ಗಂಡಸರೂ ಹೆಂಗಸರೂ ಸೊಂಟಕ್ಕೆ ಸುತ್ತಿ ಉಡುತ್ತಾರೆ. ದೂರದಿಂದಲೇ ಹೇಳಬಹುದು, ಇವರು ಕಲಬಾರಿಗಳು ಎಂದು.

ನಮ್ಮ ಅಜ್ಜಿ ಕಸೂತಿ ಹಾಕುತ್ತಿದ್ದಳು. ಗವಂತಿ, ಮುರ್ಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯಲು ಹೋದರೆ ಕೈಮೇಲೆ ಪೆಟ್ಟು. “ಗೆರಿ ಕೊರೀಬ್ಯಾಡವಾ, ಎಳಿ ಎಣಸು. ಎಣಿಕಿ ತಪ್ಪಿದ್ರ ಗೋಪುರ ಸೊಟ್ಟಾಗ್ತದ” ಎನ್ನುತ್ತಿದ್ದಳು. ಬುಗುಮಾದ ಹೆಂಗಸರದೂ ಎಳೆ ಎಣಿಸುವ ಕೆಲಸವೇ. ನಮ್ಮದು ಎಣಿಸಿ ಸೇರಿಸುವುದು, ಅವರದು ಎಣಿಸಿ ತೆಗೆಯುವುದು.

ಈ ಎಲ್ಲದಕ್ಕೂ ಐಕರ್ ಮತ್ತು ಎರೆಕೊಸಿಮಾ ಒಂದು ಸಿದ್ಧಾಂತವನ್ನೇ ಕಟ್ಟಿದರು, ಕಲ್ಚರಲ್ ಅಥೆಂಟಿಕೇಷನ್ ಎಂದು. ಹೊರಗಿನ ವಸ್ತುವನ್ನು ಒಂದು ಸಮಾಜ ತನ್ನದಾಗಿಸಿಕೊಳ್ಳುವ ಬಗೆ. ಮೊದಲು ಆರಿಸಿಕೊಳ್ಳುತ್ತಾರೆ, ಬಂದದ್ದನ್ನೆಲ್ಲ ಅಲ್ಲ. ಆಮೇಲೆ ತಮ್ಮ ಭಾಷೆಯಲ್ಲಿ ಹೆಸರಿಡುತ್ತಾರೆ. ತಮ್ಮ ಮದುವೆ, ಮುಂಜಿ, ಸಾವಿನೊಳಗೆ ಅದಕ್ಕೊಂದು ಜಾಗ ಕೊಡುತ್ತಾರೆ. ಕಡೆಗೆ ಆ ವಸ್ತುವನ್ನೇ ಬದಲಿಸಿಬಿಡುತ್ತಾರೆ. ನನಗೆ ತಕ್ಷಣ ಹೊಳೆದದ್ದು ಬ್ಯಾಡಗಿ ಮೆಣಸಿನಕಾಯಿ. ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾಯಿ ಅದು. ನಮ್ಮ ಕರಿಮೆಣಸಿನ ಹೆಸರನ್ನೇ ಅದಕ್ಕೂ ಹಂಚಿದೆವು, ಹಬ್ಬದ ಅಡುಗೆಗೆ ಸೇರಿಸಿದೆವು, ಖಾರ ಕಡಿಮೆ ಬಣ್ಣ ಹೆಚ್ಚು ಎಂಬ ಹೊಸ ಜಾತಿಯನ್ನೇ ಬೆಳೆದೆವು. ಈಗ ಹೋಗಿ ಹಾವೇರಿ ಕಡೆಯ ರೈತನಿಗೆ ಇದು ಪರದೇಶದ್ದು ಎಂದು ಹೇಳಿ ನೋಡಿ!

ಕಲಬಾರಿ ಹೆಣ್ಣಿನ ಬದುಕಿನಲ್ಲಿ ಬಟ್ಟೆಯ ಪಾತ್ರವನ್ನು ಐಕರ್ ಬಿಡಿಸಿ ಬರೆದಿದ್ದಾರೆ. ಹೆತ್ತ ಹೆಣ್ಣಿಗೆ ಅಲ್ಲಿ ಬಾಣಂತನ ಉಂಟು. ಕೆಲಸವಿಲ್ಲದೆ ಕೂರಿಸಿ, ಚೆನ್ನಾಗಿ ಉಣ್ಣಿಸಿ, ಮೈ ತುಂಬಿಸುತ್ತಾರೆ. ನಮ್ಮ ಅಂಟಿನುಂಡಿಯ ಬಾಣಂತನವೇ ಅನ್ನಿ. ಮುಗಿದ ಮೇಲೆ ಆಕೆ ಇರಿಯಾಬೊ. ಹವಳದ ಸರ ಹೇರಿಕೊಂಡು, ಒಳ್ಳೆಯ ಬಟ್ಟೆಗಳನ್ನುಟ್ಟು ಊರಲ್ಲಿ ಮೆರವಣಿಗೆ ಹೊರಡುತ್ತಾಳೆ. ಉಡುವುದರಲ್ಲಿ ಜರಿ ಕಸೂತಿಯ ಮಖಮಲ್ಲೂ ಒಂದು. ಅದೂ ನಮ್ಮ ದೇಶದಿಂದ ಹೋದದ್ದೇ. ಐಕರ್ ಅವರ ವಿದ್ಯಾರ್ಥಿನಿ ಹೇಜಲ್ ಲುಟ್ಜ್ ಅದರ ಮೇಲೆಯೇ ಪಿಎಚ್.ಡಿ. ಮಾಡಿದರು. ಇನ್ನೊಬ್ಬ ವಿದ್ಯಾರ್ಥಿನಿ ಸ್ಯಾಂಡ್ರಾ ಎವೆನ್ಸನ್ 1994ರಲ್ಲಿ ಮದರಾಸು ಬಟ್ಟೆಯ ತಯಾರಿಕೆ ಮತ್ತು ವ್ಯಾಪಾರದ ಇತಿಹಾಸವನ್ನೇ ಪ್ರಬಂಧವಾಗಿಸಿದರು. ನಮ್ಮೂರ ಬಟ್ಟೆಯ ಚರಿತ್ರೆಗೆ ವಿಳಾಸ ಮಿನೆಸೋಟ. ಹೆಮ್ಮೆಪಡಬೇಕೋ ಬೇಸರಪಡಬೇಕೋ ನೀವೇ ಹೇಳಿ.

ತುಂಬು ಜೀವನ ನಡೆಸಿದವರು ಸತ್ತರೆ ಕಲಬಾರಿ ಮನೆಗಳಲ್ಲಿ ಮಂಚಗಳನ್ನು ಸಿಂಗರಿಸುತ್ತಾರೆ. ಮನೆತನದ ಹಿರಿಯ ಹೆಂಗಸರು ಪೆಟ್ಟಿಗೆ ತೆಗೆದು, ತಲೆಮಾರುಗಳಿಂದ ಕೂಡಿಟ್ಟ ಬಟ್ಟೆಗಳನ್ನು ಹೊರಗೆ ತಂದು, ಗೋಡೆಗೂ ಹಾಸಿಗೆಗೂ ಹೊದಿಸುತ್ತಾರೆ. ದಿನದಿನಕ್ಕೆ ಬಟ್ಟೆ ಬದಲಾಗುತ್ತದೆ. ಮಂಚದ ಮೇಲೆ ಇಂಜಿರಿ, ಪೆಲೆಟೆ ಬಿಟೆ. ಬಂದವರು ನೋಡಿ ಈ ಮನೆತನದ ಬಲವೆಷ್ಟು ಎಂದು ಅಳೆಯುತ್ತಾರೆ. ಯಾವ ಬಟ್ಟೆ ಎಂದು ಬಂತು, ಯಾರದಾಗಿತ್ತು, ಯಾವ ದಿನಕ್ಕೆ ಯಾವುದು ಎಂಬ ವಿದ್ಯೆಯೆಲ್ಲ ಪೆಟ್ಟಿಗೆಯ ಕೀಲಿಕೈ ಹಿಡಿದ ಆ ಹೆಂಗಸರದು. ಚೀರಾಲದ ನೇಕಾರನಿಗೆ ತಾನು ನೇಯ್ದದ್ದು ಎಲ್ಲಿಯೋ ಒಬ್ಬ ಅಜ್ಜಿಯ ಕಡೆಯ ಮಂಚದ ಮೇಲೆ ಹರಡಿದೆ ಎಂದು ಗೊತ್ತಾಗುವ ಬಗೆ ಹೇಗೆ?

ಗಂಡಸರ ಉಡುಪಿನ ಶ್ರೇಣಿಯ ಬಗ್ಗೆ ಎರೆಕೊಸಿಮಾ ವಿಸ್ತಾರವಾಗಿ ಬರೆದಿದ್ದಾರೆ. ಯುವಕರು, ಗಣ್ಯರು, ನಾಯಕರು, ದೊರೆ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಂಗಿ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಒಂದು ಮಾತು ಮಾತ್ರ ಬಿಡುವ ಹಾಗಿಲ್ಲ. ಈ ಬಟ್ಟೆ ಮೊದಲು ಆ ಕರಾವಳಿಗೆ ಹೋದದ್ದು ಯಾವುದಕ್ಕೆ ಬದಲಾಗಿ? ಯುರೋಪಿನ ಕಂಪನಿಗಳು ಕೋರಮಂಡಲ ತೀರದ ಹತ್ತಿ ಬಟ್ಟೆಯನ್ನು ಪಶ್ಚಿಮ ಆಫ್ರಿಕಾಕ್ಕೆ ಒಯ್ದು, ಅಲ್ಲಿ ಅದನ್ನು ಕೊಟ್ಟು ಮನುಷ್ಯರನ್ನು ಕೊಂಡು, ಅಟ್ಲಾಂಟಿಕ್ ದಾಟಿಸಿ ಗುಲಾಮರನ್ನಾಗಿ ಮಾರುತ್ತಿದ್ದವು. ಕಲಬಾರಿಗಳ ಬಂದರು ಯುರೋಪಿನವರ ನಕ್ಷೆಯಲ್ಲಿ ‘ನ್ಯೂ ಕ್ಯಾಲಬಾರ್’. ಗುಲಾಮರ ವ್ಯಾಪಾರದ ಹೆಸರಾಂತ ಬಂದರುಗಳಲ್ಲಿ ಅದೂ ಒಂದು. ತಾಳೆ ಎಣ್ಣೆಯ ವ್ಯಾಪಾರ ಅದರ ಜಾಗಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದರೆ ನಮ್ಮ ಕಡಲ ತೀರದ ನೇಕಾರ ತನಗರಿಯದೆ ನೇಯ್ದ ಚೌಕಡಿ ಯಾವ ಮಗಳ, ಯಾವ ಮಗನ ಬೆಲೆಯಾಗಿತ್ತೋ! ನಾನು ಓದಿದಷ್ಟರಲ್ಲಿ ಐಕರ್ ಅವರ ಬರಹದ ಒಲವು ಈ ಕರಾಳ ಅಧ್ಯಾಯಕ್ಕಿಂತ ಉತ್ಸವ, ಮನೆತನ, ಅಭಿಮಾನಗಳ ಕಡೆಗೇ ಹೆಚ್ಚು. ಅದು ಅವರ ಆಯ್ಕೆ ಎಂದು ಒಪ್ಪಿಕೊಂಡರೂ ನನಗೆ ಒಂದು ಸಣ್ಣ ಅತೃಪ್ತಿ ಉಳಿದೇ ಇದೆ.

ಆಫ್ರಿಕಾದಿಂದ ಹೀಗೆ ಹಡಗು ಹತ್ತಿದವರಲ್ಲಿ ಕೆಲವರನ್ನು ಗೋವೆಯ ಕಡೆಗೂ ತಂದಿದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ನಮ್ಮ ಸಿದ್ದಿ ಜನರ ಪೂರ್ವಿಕರಲ್ಲಿ ಹಾಗೆ ಬಂದವರೂ ಇದ್ದಾರೆ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡುಗಳಿಂದ ಹೊಲಿಯುವ ಕೌದಿಗಳನ್ನು ಹೆನ್ರಿ ಡ್ರೂವಲ್ ಎಂಬ ಆಫ್ರಿಕನ್ ಕಲೆಯ ಪ್ರಾಧ್ಯಾಪಕರು ಅಭ್ಯಾಸ ಮಾಡಿ ಅಮೆರಿಕದಲ್ಲಿ ಪ್ರದರ್ಶನ ಮಾಡಿಸಿದರು. ಧಾರವಾಡದಿಂದ ಹಳಿಯಾಳ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆಯಷ್ಟು. ಆ ಕೌದಿಗಳನ್ನು ನಾನು ಮೊದಲು ಕಂಡದ್ದು ಅಮೆರಿಕದಲ್ಲಿ ತೆಗೆದ ಫೋಟೋಗಳಲ್ಲಿ.

ಇಲ್ಲಿ ನನ್ನ ಕಥೆ. ಮದುವೆಯಾಗಿ 1983ರಲ್ಲಿ ಮದರಾಸಿಗೆ ಬಂದೆ. ಎರಡು ವರ್ಷ ಕಳೆದು, ಮಗು ಸ್ವಲ್ಪ ದೊಡ್ಡದಾದ ಮೇಲೆ, ಎಂ.ಫಿಲ್. ಮಾಡಬೇಕೆಂದು ಹೊರಟೆ. ವಿಷಯವನ್ನು ನಾನೇ ಯೋಚಿಸಿದ್ದೆ. ಈ ಊರಲ್ಲಿ ನೆಲೆಸಿದ ಕನ್ನಡ ಹೆಂಗಸರು ತಮ್ಮ ಸೀರೆ ಉಡುವ ಬಗೆಯನ್ನು ಯಾವಾಗ, ಯಾರಿಗಾಗಿ, ಯಾಕೆ ಬದಲಿಸಿದರು? ಕಚ್ಚೆ ಬಿಟ್ಟದ್ದು ಯಾವ ತಲೆಮಾರು? ಊರಿಗೆ ಹೋದಾಗ ಮತ್ತೆ ಹಾಕುತ್ತಿದ್ದರೇ? ಹನ್ನೊಂದು ಜನ ಹಿರಿಯರನ್ನು ಮಾತಾಡಿಸಿ ಒಂದು ನೋಟುಪುಸ್ತಕ ತುಂಬಿಸಿಯೂ ಇದ್ದೆ. ನಾನು ಹೋದ ಸಂಸ್ಥೆಯ ಹಿರಿಯರು ಎರಡು ಪುಟ ತಿರುವಿ, “ಸೀರೆ ಉಡೋದರಲ್ಲಿ ಸಂಶೋಧನೆ ಏನಮ್ಮಾ ಇದೆ? ಬಣ್ಣದ ಗಟ್ಟಿತನ ಪರೀಕ್ಷೆ ಮಾಡು, ಲ್ಯಾಬ್ ಇದೆ” ಎಂದರು. ಜಗಳ ಕಾಯುವ ಸ್ವಭಾವ ನನ್ನದಲ್ಲ. ನಮಸ್ಕಾರ ಹೇಳಿ ಬಂದೆ. ಆಮೇಲೆ ಶಾಲೆಯೊಂದರಲ್ಲಿ ಮೇಡಂ ಆಗಿ ಮೂವತ್ತು ವರ್ಷ ಕಳೆದೆ. ನೋಟುಪುಸ್ತಕ ಪೆಟ್ಟಿಗೆಯ ತಳ ಸೇರಿತು.

ಆ 1985ರಲ್ಲೇ ಐಕರ್ ಮಿನೆಸೋಟಕ್ಕೂ ಬುಗುಮಾಕ್ಕೂ ಓಡಾಡುತ್ತಿದ್ದರು ಎಂದು ಈಗ ಓದುವಾಗ ಹೊಟ್ಟೆಕಿಚ್ಚು ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಅವರಿಗೂ ‘ಬಟ್ಟೆಯೂ ಒಂದು ವಿಷಯವೇ’ ಎಂದವರು ಇದ್ದೇ ಇರಬೇಕು. ಅವರಿಗೆ ಸಿಕ್ಕಿದ್ದು ತಮ್ಮದೇ ಒಂದು ವಿಭಾಗ, ಜೊತೆಗೆ ಬರೆಯುವ ಗೆಳತಿ, ಓದುವ ವಿದ್ಯಾರ್ಥಿನಿಯರು. ಆ ವಿಭಾಗವನ್ನು ಯಾರು ಎಷ್ಟೇ ಹೊಲಿಗೆ ಕ್ಲಾಸು ಎಂದರೂ, ಅದರ ಒಳಗೆ ಕೂತೇ ಅವರು ಪುಸ್ತಕದ ಮೇಲೆ ಪುಸ್ತಕ ತಂದರು. 1992ರಲ್ಲಿ ರೂತ್ ಬಾರ್ನ್ಸ್ ಜೊತೆ ಉಡುಪು ಮತ್ತು ಲಿಂಗದ ಬಗ್ಗೆ, 1995ರಲ್ಲಿ ಉಡುಪು ಮತ್ತು ಜನಾಂಗದ ಬಗ್ಗೆ. ಬರ್ಗ್ ಪ್ರಕಾಶನದಲ್ಲಿ ಉಡುಪಿನ ಮೇಲೆಯೇ ಒಂದು ಪುಸ್ತಕಮಾಲೆಯ ಸಂಪಾದಕಿಯಾಗಿ ಎಷ್ಟೋ ಹೊಸಬರ ಮೊದಲ ಪುಸ್ತಕಕ್ಕೆ ಜಾಗ ಕೊಟ್ಟರು. 1995ರಲ್ಲಿ ವಿಶ್ವವಿದ್ಯಾಲಯ ಅವರನ್ನು ರೀಜೆಂಟ್ಸ್ ಪ್ರೊಫೆಸರ್ ಮಾಡಿತು. ಅಲ್ಲಿ ಅದಕ್ಕಿಂತ ದೊಡ್ಡ ಪ್ರಾಧ್ಯಾಪಕ ಪದವಿ ಇಲ್ಲ. 2010ರಲ್ಲಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಜಗತ್ತಿನ ಉಡುಪಿನ ವಿಶ್ವಕೋಶ ಹತ್ತು ಸಂಪುಟಗಳಲ್ಲಿ ಬಂತು. ಅದರ ಮೊದಲನೆಯ ಸಂಪುಟ ಆಫ್ರಿಕಾ. ಯುರೋಪಿನಿಂದ ಶುರುಮಾಡಲಿಲ್ಲ ಎನ್ನುವುದನ್ನು ಗಮನಿಸಿ. ಕಲಬಾರಿಗಳ ಮೇಲಿನ ನಲವತ್ತು ವರ್ಷಗಳ ಕೆಲಸವನ್ನು ಒಟ್ಟು ಮಾಡಿದ ಪುಸ್ತಕ 2022ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು.

ನನಗೆ ಅರವತ್ತಾರು. ಹೋದ ವರ್ಷ ಪೆಟ್ಟಿಗೆಯಿಂದ ನೋಟುಪುಸ್ತಕ ತೆಗೆದೆ. ಆ ಹನ್ನೊಂದು ಜನರಲ್ಲಿ ಹತ್ತು ಜನ ಈಗಿಲ್ಲ. ಉಳಿದವರು ಮಾಂಬಲಂನಲ್ಲಿ ಮಗನ ಮನೆಯಲ್ಲಿದ್ದಾರೆ, ವಯಸ್ಸು ತೊಂಬತ್ನಾಲ್ಕು. ಹೋಗಿ ನಮಸ್ಕಾರ ಮಾಡಿ, ಅಂದು ಅವರು ಹೇಳಿದ್ದನ್ನು ಅವರಿಗೇ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿ, “ಒಂದು ತಪ್ಪು ಬರೆದಿದ್ದೀಯಮ್ಮ. ಕಚ್ಚೆ ಬಿಟ್ಟದ್ದು ನಾನಾಗಿ ಅಲ್ಲ. ಇಲ್ಲಿಯ ನೀರಿನ ಕ್ಯೂನಲ್ಲಿ ಹೆಂಗಸರು ನಗುತ್ತಿದ್ದರು. ಅದನ್ನು ಆಗ ಹೇಳಲು ನಾಚಿಕೆಯಾಗಿತ್ತು” ಎಂದರು. ಆ ಸಾಲನ್ನು ಹೊಡೆದು ಪಕ್ಕದಲ್ಲಿ ತಿದ್ದಿ ಬರೆದುಕೊಂಡೆ, ನಲವತ್ತು ವರ್ಷದ ಮೇಲೆ. ಈಗ ಪ್ರತಿ ತಿಂಗಳು ನಮ್ಮ ವೇದಿಕೆಯ ಒಬ್ಬೊಬ್ಬ ಹಿರಿಯರ ಮನೆಗೆ ಹೋಗುತ್ತಿದ್ದೇನೆ. ಆರು ಜನರಾದರು.

ಇನ್ನು ಬ್ಲೇಡಿನ ವಿಷಯ. ಓದಿದರೆ ಸಾಲದು ಎನಿಸಿ ನಮ್ಮ ಮನೆಯವರ ಹಳೆಯ ಚೌಕಡಿ ಲುಂಗಿಯೊಂದನ್ನು ತೆಗೆದುಕೊಂಡು ಕೂತೆ. ಸೂಜಿಯಿಂದ ಬಿಳಿ ಎಳೆ ಎತ್ತುವುದು, ಬ್ಲೇಡಿನ ಮೂಲೆಯಿಂದ ಕೊಯ್ಯುವುದು, ಎಳೆಯುವುದು. ಒಂದು ಅಂಗುಲಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಅಂಗುಲದಲ್ಲಿ ನೀಲಿ ಎಳೆಯೂ ಕೊಯ್ದು ತೂತಾಯಿತು. “ಲುಂಗಿ ಹಳೇದೇ, ಆದರೆ ಇಷ್ಟು ಸಿಟ್ಟು ಯಾಕೆ ಅದರ ಮೇಲೆ?” ಎಂದರು ನಮ್ಮವರು. ಮಿಲ್ಲಿನ ಬಟ್ಟೆ, ಎಳೆ ಬಿಗಿ, ಅದಕ್ಕೇ ಹೀಗೆ ಎಂದು ನೆಪ ಹೇಳಿಕೊಂಡು ಮತ್ತೆ ಗೋಡೌನ್ ಸ್ಟ್ರೀಟಿಗೆ ಹೋಗಿ ಕೈಮಗ್ಗದ ಕೆಂಪು ಚೌಕಡಿ ಒಂದು ಗಜ ತಂದೆ. ಅಂಗಡಿಯವನು ಗುರುತು ಹಿಡಿದು, “ಜಾರ್ಜ್ ಯಾರು ಅಂತ ಕೇಳಿದವರಲ್ಲವಾ ಅಮ್ಮಾ?” 

ಆ ಬಟ್ಟೆಯಲ್ಲಿ ಇದುವರೆಗೆ ಏಳು ಚೌಕ ಮುಗಿದಿವೆ. ನಾಲ್ಕನೆಯದು ಸೊಟ್ಟ. ಅಜ್ಜಿ ಇದ್ದಿದ್ದರೆ ಕೈಮೇಲೆ ಪೆಟ್ಟು ಬೀಳುತ್ತಿತ್ತು. ನೋಡಬೇಕೆನ್ನುವವರು ಮುಂದಿನ ಸಭೆಗೆ ಬನ್ನಿ, ತರುತ್ತೇನೆ. ಬರುವಾಗ ನಿಮ್ಮ ತಾಯಿಯದೋ ಅತ್ತೆಯದೋ ಹಳೆಯ ಒಂದು ಸೀರೆ ಇದ್ದರೆ ತನ್ನಿ, ಯಾರದು, ಯಾವಾಗಿನದು ಎಂದು ಬರೆದುಕೊಳ್ಳಬೇಕು.